ಪಂಜರಕ್ಕೆ ಕಾರು ತೊಡಿಸಿದ್ದು

ಪಂಜರ ಬಾಗಿಲೊಳಗೆ ಹೋಗಲಿಲ್ಲ. ಮೊದಲು ಮುಂದಿನ ಕಡೆಯಿಂದ ತೂರಿಸಿದೆವು. ಹೋಗಲಿಲ್ಲ. ತಿರುಗಿಸಿ ಹಿಂದಿನ ಕಡೆಯಿಂದ ತೂರಿಸಿದೆವು. ಅರ್ಧಕ್ಕೆ ಸಿಕ್ಕಿಕೊಂಡಿತು. ತಲೆಕೆಳಗೆ ಮಾಡಿದೆವು, ಮಗ್ಗುಲು ಮಾಡಿದೆವು. ನಮ್ಮ ವೆಲ್ಡಿಂಗ್ ಅಂಗಡಿಯ ಉಸ್ತಾದ್ ಒಂದು ಕಡೆ, ನಾನೊಂದು ಕಡೆ, ಪಕ್ಕದ ಕಲ್ಲು ಪಾಲಿಶ್ ಅಂಗಳದ ಹಮಾಲರಿಬ್ಬರು ನಡುವೆ. ಈಯುವ ಎಮ್ಮೆಯ ಸುತ್ತ ನಿಂತವರ ಹಾಗೆ ಎಲ್ಲರೂ ಹೇಳುವವರೇ, ಕೇಳುವವರು ಯಾರೂ ಇಲ್ಲ. ಕಾರಿನ ಬಾಗಿಲು ಇಷ್ಟೇ ಇತ್ತು. ಪಂಜರ ಅಷ್ಟು ದೊಡ್ಡದಿತ್ತು. ಉಸ್ತಾದ್ ಟೇಪು ತೆಗೆದು ಬಾಗಿಲು ಅಳೆದರು, ಪಂಜರ ಅಳೆದರು, ಮತ್ತೆ ಬಾಗಿಲು ಅಳೆದರು. ಅಷ್ಟರಲ್ಲಿ ಬಾಗಿಲು ಬೆಳೆದಿರಬಹುದು ಅಂತ ಅವರ ಲೆಕ್ಕ ಇರಬೇಕು.

ಕಾರು ಚಿತ್ತಾಪುರದ ವಕೀಲಮ್ಮನದು. ಅವರು ಅಲ್ಲೇ ನಿಂತು ನೋಡುತ್ತಿದ್ದರು.

"ಉಸ್ತಾದ್, ಇದು ಒಳಗ ಹ್ಯಾಂಗ ಹೋಗ್ತದ?"

"ನಾನೂ ಅದೇ ನೋಡ್ಲಿಕತ್ತೀನ್ರಿ ಅಕ್ಕೋರೆ."

ನನಗೆ ನಗು ಬಂತು. ತಡೆದೆ. ತಡೆದಿದ್ದು ಮೂಗಿನಿಂದ ಹೊರಗೆ ಬಂತು. ಉಸ್ತಾದ್ ನನ್ನ ಕಡೆ ನೋಡಿದರು, ಅವರಿಗೂ ಬಂತು. ಹಮಾಲರು ಪಂಜರ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕುಂತು ನಕ್ಕರು. ನಗದೇ ಇದ್ದವರು ವಕೀಲಮ್ಮ ಒಬ್ಬರೇ. ನಗುವ ಹಾಗೂ ಇರಲಿಲ್ಲ. ಬರುವ ಭಾನುವಾರ ಹೈದರಾಬಾದಿನಲ್ಲಿ ಹಳೇ ಕಾರುಗಳ ರೇಸು. ಪಂಜರ ಇಲ್ಲದ ಕಾರನ್ನು ಅಲ್ಲಿ ಒಳಗೇ ಬಿಡುವುದಿಲ್ಲ.

ಕಾರಿನ ವಿಷಯ ಹೇಳಿಬಿಡುತ್ತೇನೆ. ಎರಡು ಬಾಗಿಲು, ಉದ್ದ ಮೂಗು, ಮೋಟು ಬಾಲ. ಬಾಗಿಲ ಮೇಲೆ ಅರ್ಧ ಅಳಿಸಿದ ನಂಬರು. ಬಹಳ ಹಿಂದೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿದ್ದ ಹೊರದೇಶದ ಇಂಜಿನಿಯರ್ ಒಬ್ಬ ಅದನ್ನು ರೇಸಿಗೆ ಓಡಿಸುತ್ತಿದ್ದನಂತೆ. ಊರಿಗೆ ಹೋಗುವಾಗ ವಕೀಲಮ್ಮನ ಅಪ್ಪನಿಗೆ ಕೊಟ್ಟು ಹೋದ. ಅಪ್ಪನೂ ಓಡಿಸಿದರು. ಒಂದು ತಿರುವಿನಲ್ಲಿ ಮಗುಚಿ ಬಿದ್ದು ಭುಜದ ಎಲುಬು ಮುರಿದುಕೊಂಡರು. ಆಮೇಲೆ ಸಾಯುವ ತನಕ ಅವರ ಬಲಗೈ ಕಿವಿಗಿಂತ ಮೇಲೆ ಏಳಲಿಲ್ಲ. ಕಾರು ತಾಡಪತ್ರಿಯೊಳಗೆ ಹೋಯಿತು. ಕೀಲಿ ವಕೀಲಮ್ಮನ ತಾಯಿಯ ಸೆರಗಿನ ಗಂಟಿಗೆ ಹೋಯಿತು. ಕಾರು ಹೊರಗೆ ಬಂದು ರಿಪೇರಿ ಶುರುವಾದರೂ ಕೀಲಿ ಮಾತ್ರ ಇನ್ನೂ ಆ ಗಂಟಿನಲ್ಲೇ ಇತ್ತು.

ಆ ತಾಯಿ ಈಗ ನಮ್ಮ ಅಂಗಡಿಯ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದರು. ಹಣೆ ತುಂಬ ವಿಭೂತಿ, ಕಾಲಲ್ಲಿ ಮಗಳ ವಾಕಿಂಗ್ ಬೂಟು. ದಿನಾ ಮಗಳ ಜೊತೆ ಚಿತ್ತಾಪುರದಿಂದ ಶಹಾಬಾದಿಗೆ ಬರುತ್ತಿದ್ದರು. ನಾವು ಏನು ಮಾಡುತ್ತೇವೆ ಅಂತ ನೋಡುವುದೇ ಅವರ ಕೆಲಸ. ಮೊದಲ ದಿನವೇ ಹೇಳಿದ್ದರು.

"ಗಟ್ಟಿ ಅದ ಗಟ್ಟಿ ಅದ ಅಂತ ಎಲ್ಲಾರೂ ಹೇಳ್ತಾರ. ನನಗ ಬಿದ್ದು ತೋರಸ್ರಿ. ಬಿದ್ದಮ್ಯಾಲ ಹೂಂ ಅಂತೀನಿ."

ಬಿದ್ದು ತೋರಿಸಲಿಕ್ಕೆ ಆಗುವುದಿಲ್ಲ ಅಮ್ಮೋರೆ, ಕಾರು ಹಾಳಾಗುತ್ತದೆ ಅಂತ ಉಸ್ತಾದ್ ತಿಳಿಸಿ ಹೇಳಿದರು. ಹಾಗಾದರೆ ಕೀಲಿ ಇಲ್ಲ ಅಂತ ಅವರು ಅದಕ್ಕಿಂತ ಚೆನ್ನಾಗಿ ತಿಳಿಸಿ ಹೇಳಿದರು.

ಪಂಜರ ಅಂದರೆ ಗಿಳಿಯ ಪಂಜರ ಅಲ್ಲ. ಕಾರು ಮಗುಚಿದರೆ ಚಾವಣಿ ತಲೆಯ ಮೇಲೆ ಕುಸಿಯಬಾರದು. ಅದಕ್ಕೆ ಕಾರಿನ ಒಳಗೆ ದಪ್ಪ ಪೈಪಿನಿಂದ ಇನ್ನೊಂದು ಮನೆ ಕಟ್ಟಬೇಕು. ಸೀಟಿನ ಹಿಂದೆ ಒಂದು ಕಮಾನು, ಮುಂದೆ ಒಂದು ಕಮಾನು, ನಡುವೆ ಅಡ್ಡ ಪೈಪು, ಓರೆ ಪೈಪು. ಉದ್ದಕ್ಕೂ ಜೋಡಣೆಯ ಗೆರೆ ಇಲ್ಲದ ಪೈಪೇ ಬೇಕು. ನಲ್ಲಿ ಪೈಪು ನಡೆಯುವುದಿಲ್ಲ. ರೇಸಿನವರು ಚಿತ್ರ ಕಳಿಸಿದ್ದರು. ಹೈದರಾಬಾದಿನಲ್ಲೇ ಮಾಡಿಸಬಹುದಿತ್ತು. ಆದರೆ ವಕೀಲಮ್ಮನ ಮನೆಯ ಗೇಟು ನಾವು ಮಾಡಿದ್ದು. ಅದಕ್ಕೆ ಒಮ್ಮೆ ಟ್ರ್ಯಾಕ್ಟರ್ ಗುದ್ದಿತ್ತು. ಗೇಟು ಹಾಗೇ ಇತ್ತು, ಟ್ರ್ಯಾಕ್ಟರಿನ ಮೂತಿ ಸೊಟ್ಟಗಾಗಿತ್ತು. ಅದನ್ನು ನೋಡಿದ ಮೇಲೆ ಅವರಿಗೆ ಬೇರೆ ಯಾರೂ ಬೇಕಾಗಲಿಲ್ಲ.

ನನಗಂತೂ ಹುಚ್ಚು ಹಿಡಿದಿತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಬಂದಾಗಿನಿಂದ ನಾನು ಬೆಸೆದಿದ್ದು ಗೇಟು, ಕಿಟಕಿ ಜಾಳಿಗೆ, ನೀರಿನ ಟಾಕಿಯ ಸ್ಟ್ಯಾಂಡು. ಸೇಡಂಗೆ ಗೇಟು, ಚಿಂಚೋಳಿಗೆ ಗೇಟು, ಚಂದಾಪುರಕ್ಕೆ ಗೇಟು. ಗೇಟು ಎಲ್ಲಿಗೂ ಓಡುವುದಿಲ್ಲ. ಇದು ಓಡುವ ವಸ್ತು. ಪೈಪನ್ನು ಟೆಂಪೊದಲ್ಲಿ ಹಾಕಿಕೊಂಡು ವಾಡಿಗೆ ಹೋಗಿ ಬಗ್ಗಿಸುವ ಮಷಿನಿಗೆ ಕೊಟ್ಟು, ಕಮಾನು ಮಾಡಿಸಿ ತಂದೆ. ದಾರಿಯುದ್ದಕ್ಕೂ ಹಾಡಿದೆ. ಟೆಂಪೊದವನು ಹೊಟ್ಟೆ ನೋವೇನೋ ಅಂತ ಕೇಳಿದ.

ಪೈಪಿಗೆ ಪೈಪು ಕೂಡಿಸಬೇಕಾದರೆ ತುದಿಯನ್ನು ಮೀನಿನ ಬಾಯಿಯ ಹಾಗೆ ಕತ್ತರಿಸಬೇಕು. ಆಗ ಆ ಬಾಯಿ ಇನ್ನೊಂದು ಪೈಪನ್ನು ಸಂದಿಲ್ಲದ ಹಾಗೆ ಕಚ್ಚಿ ಹಿಡಿಯುತ್ತದೆ. ಸಂದಿ ಬಿಟ್ಟು ಬೆಸೆದರೆ ಅದು ಬೆಸುಗೆ ಅಲ್ಲ, ಗೋಂದು. ನಾನು ಉಜ್ಜಿ ಉಜ್ಜಿ ಕೂಡಿಸಿದೆ. ಬೆಸುಗೆ ಕಡ್ಡಿಗಳನ್ನು ತಗಡಿನ ಮೇಲೆ ಹಾಕಿ, ಕೆಳಗೆ ಇದ್ದಿಲಿಟ್ಟು ಕಾಯಿಸಿ ತೇವ ತೆಗೆದೆ. ಉಸ್ತಾದ್ ನಡುವೆ ಬಂದು, ಈ ಅಡ್ಡ ಪೈಪಿನ ಮೇಲೆ ಒಂದು ಹೂವು ಹಾಕೋಣ ಅಂದರು. ಅವರ ಕೈಯಿಂದ ಹೂವಿಲ್ಲದ ಗೇಟು ಹೊರಗೆ ಹೋಗಿದ್ದೇ ಇಲ್ಲ. ಬೇಡ ಅಂದೆ. ಸಣ್ಣದು ಅಂದರು. ಬೇಡವೇ ಬೇಡ, ತಲೆಗೆ ಚುಚ್ಚುತ್ತದೆ ಅಂದೆ. ಅರ್ಧ ದಿನ ನನ್ನ ಜೊತೆ ಮಾತಾಡಲಿಲ್ಲ.

ನಮ್ಮ ಅಂಗಡಿಯಲ್ಲಿ ಕೆಲಸ ನಡೆಯುವುದು ಹೀಗೆ. ನೆಲಕ್ಕೆಲ್ಲ ನಮ್ಮೂರಿನ ಕಲ್ಲೇ ಹಾಸಿದೆ. ಹಪ್ಪಳದ ಹಾಗೆ ಸಪಾಟು. ಏನು ಮಾಡಬೇಕಾದರೂ ಆ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ, ಗೆರೆಯ ಮೇಲೇ ಕಟ್ಟಿ, ಪೂರ್ತಿ ಬೆಸೆದು, ಕೆಂಪು ಬಣ್ಣ ಬಳಿದು, ಆಮೇಲೆ ಎತ್ತಿಕೊಂಡು ಹೋಗಿ ಹಚ್ಚಬೇಕು. ಗೇಟಿಗೆ ಇದು ಸರಿ. ಗೇಟು ಗೋಡೆಯ ಒಳಗೆ ಹೋಗುವುದಿಲ್ಲವಲ್ಲ. ಕಾರಿನ ಒಳಗಿನ ಅಳತೆ ತೆಗೆದುಕೊಂಡೆವು, ನೆಲದ ಮೇಲೆ ಕಾರಿನ ಗೆರೆ ಹಾಕಿದೆವು, ಗೆರೆಯ ಮೇಲೆ ಪಂಜರ ಕಟ್ಟಿದೆವು. ಒಂದು ಕೂದಲೆಳೆ ಆಚೀಚೆ ಇಲ್ಲ. ಬೇರೆಯವರು ತುಂಡು ತುಂಡು ಒಳಗೆ ಒಯ್ದು ಅಲ್ಲೇ ಬೆಸೆಯುತ್ತಾರೆ. ನಮಗೆ ಅದು ತಲೆಗೇ ಬರಲಿಲ್ಲ. ಬಣ್ಣ ಕೂಡ ಬಳಿದಿದ್ದೆವು.

ಹೀಗಾಗಿ ಆ ದಿನ ಪಂಜರ ಹೊರಗೆ, ಕಾರು ಅದರ ಪಕ್ಕ. ನಕ್ಕು ಮುಗಿದ ಮೇಲೆ ಉಸ್ತಾದ್ ಗ್ರೈಂಡರ್ ಎತ್ತಿಕೊಂಡು, ನಡುವೆ ಕೊಯ್ದು ಒಳಗೆ ಒಯ್ದು ಮತ್ತೆ ಬೆಸೆಯೋಣ ಅಂದರು. ನಾನು ಪಂಜರಕ್ಕೆ ಅಡ್ಡ ನಿಂತೆ. ಕೊಯ್ದ ಪೈಪಿಗೆ ತೇಪೆ ಇದ್ದರೆ ರೇಸಿನವರು ಒಪ್ಪುವುದಿಲ್ಲ ಅಂತ ವಕೀಲಮ್ಮ ಅಂದರು. ಹೊಸ ಪೈಪು ತಂದು ಮತ್ತೆ ಮಾಡಲು ಭಾನುವಾರದೊಳಗೆ ಆಗುವುದಿಲ್ಲ. ಉಸ್ತಾದ್ ಗ್ರೈಂಡರ್ ಕೆಳಗಿಟ್ಟರು.

ಬೇವಿನ ಮರದ ಕೆಳಗಿನಿಂದ ತಾಯಿ ಉಳಿದ ಚಹಾ ಬಶಿಗೆ ಸುರಿದುಕೊಂಡು ಹೀಯಾಳಿಸಿದರು.

"ಎಂಥಾ ಗಂಡಸರೋ ಏನೋ. ಕೂಸಿಗಿ ಕುಂಚಿಗಿ ಹ್ಯಾಂಗ ಹಾಕ್ತಾರ? ಕೂಸಿನ ಕುಂಚಿಗ್ಯಾಗ ತುರುಕ್ತಾರೇನು? ಕೂಸು ಕೆಳಗ ಕುಂತಿರ್ತದ, ಕುಂಚಿಗಿ ಮ್ಯಾಲಿಂದ ಬರ್ತದ."

ನಾನು ಉಸ್ತಾದ್ ಮುಖ ನೋಡಿದೆ. ಉಸ್ತಾದ್ ಕಾರು ನೋಡಿದರು. ಈ ಕಾರು ಈಗಿನ ಕಾರುಗಳ ಹಾಗಲ್ಲ. ಲಾರಿಯ ಹಾಗೆ ಕೆಳಗೆ ಚಾಸಿ ಬೇರೆ, ಮೇಲೆ ಬಾಡಿ ಬೇರೆ. ನಡುವೆ ಬೋಲ್ಟು. ಒಳಗಿನ ನೆಲದ ತಗಡು ತುಕ್ಕು ತಿಂದು ಹೋಗಿತ್ತು, ಹೊಸದು ಹಾಕಬೇಕೆಂದು ನಾನೇ ಹೋದ ವಾರ ಅದನ್ನು ಪೂರ್ತಿ ಕೊಯ್ದು ತೆಗೆದಿದ್ದೆ. ಅಂದರೆ ಬಾಡಿ ಈಗ ತಳ ಇಲ್ಲದ ಡಬ್ಬಿ. ಕೂಸಿನ ತಲೆಯ ಮೇಲಿಂದ ಇಳಿಬಿಡುವ ಕುಂಚಿಗೆಯೇ. ಪಂಜರವನ್ನು ಚಾಸಿಯ ಮೇಲೆ ಕೂರಿಸಿ ಬೆಸೆದರೆ, ಬಾಡಿಯನ್ನು ಮೇಲಿನಿಂದ ತೊಡಿಸಬಹುದು.

"ಅಮ್ಮೋರೆ, ನೀವು ಶಾಣ್ಯಾ ಇದ್ದೀರಿ," ಅಂದೆ.

ತಾಯಿಗೆ ತಾನು ಏನು ಮಾಡಿದೆ ಅಂತ ಆಗ ತಿಳಿಯಿತು. ಕೆಲಸ ಕೆಡಲಿ ಅಂತ ಕುಂತಿದ್ದವರು ಕೆಲಸ ಸರಿ ಮಾಡಿಕೊಟ್ಟಿದ್ದರು. ಬಶಿ ಕೆಳಗಿಟ್ಟು, ನಾನು ಸುಮ್ಮನೆ ಅಂದೆ, ಅದನ್ನೇ ಹಿಡಿದುಕೊಳ್ಳಬೇಡಿ ಅಂತ ಗೊಣಗಿದರು. ನಾವು ಹಿಡಿದುಕೊಂಡಾಗಿತ್ತು.

ಬೋಲ್ಟು ಬಿಚ್ಚುವುದೇ ಒಂದು ಕುಸ್ತಿ. ಕೆಲವು ಬಿಚ್ಚಿದವು, ಕೆಲವು ಮುರಿದವು, ಕೆಲವನ್ನು ನಾನು ಕೊಯ್ದೆ. ಬಾಡಿಯನ್ನು ಎತ್ತಲಿಕ್ಕೆ ಪಕ್ಕದ ಅಂಗಳದ ಹಮಾಲರೆಲ್ಲ ಬಂದರು. ಅವರು ದಿನಾ ಕಲ್ಲಿನ ಹಾಸು ಎತ್ತುವವರು. ಒಬ್ಬ ಕೂಗು ಹಾಕುತ್ತಾನೆ, ಉಳಿದವರು ಒಟ್ಟಿಗೆ ಉಸಿರು ಕಟ್ಟಿ ಎತ್ತುತ್ತಾರೆ. ಆ ದಿನ ಕೂಗು ಹಾಕುವವನಿಗೂ ನಗು. ಅವನು ನಕ್ಕರೆ ಉಳಿದವರ ಕೈ ಸಡಿಲ. ಕಾರು ಮೇಲೇಳುವುದು, ನಡುಗುವುದು, ಕೆಳಗಿಳಿಯುವುದು. ಕೊನೆಗೆ ಉಸ್ತಾದ್ ಗದರಿಸಿದ ಮೇಲೆ ಕಾರು ಮದುವೆಯ ಚಪ್ಪರದ ಹಾಗೆ ಗಾಳಿಯಲ್ಲಿ ನಡೆದು ಪಕ್ಕದ ಕಲ್ಲಿನ ಅಟ್ಟಿಯ ಮೇಲೆ ಕುಂತಿತು.

ಪಂಜರದ ಕಾಲುಗಳಿಗೆ ದಪ್ಪ ಪ್ಲೇಟು ಹಚ್ಚಿ ಚಾಸಿಗೆ ಬೆಸೆದೆ. ಬೆಸುಗೆಯ ಮೇಲಿನ ಕರಿ ಸಿಪ್ಪೆ ಸುತ್ತಿಗೆ ತಾಕಿದ ಕೂಡಲೇ ಉದ್ದಕ್ಕೆ ಸುರುಳಿಯಾಗಿ ಕಳಚಿ ಬಿತ್ತು. ಬೆಸುಗೆ ಚೆನ್ನಾಗಿ ಬಿದ್ದರೆ ಮಾತ್ರ ಅದು ಹಾಗೆ ಕಳಚುತ್ತದೆ. ಮರುದಿನ ಹಮಾಲರು ಮತ್ತೆ ಬಂದು ಬಾಡಿ ಎತ್ತಿ, ಪಂಜರದ ಮೇಲೆ ನಿಧಾನ ಇಳಿಸಿದರು. ಎಲ್ಲೂ ತಾಗಲಿಲ್ಲ. ಪೈಪಿಗೂ ಚಾವಣಿಗೂ ನಡುವೆ ಕೈಬೆರಳು ಹೋಗುವಷ್ಟು ಜಾಗ. ಉಸ್ತಾದ್ ಆ ಜಾಗದಲ್ಲಿ ಬೆರಳು ಹಾಕಿ ಸುತ್ತ ಓಡಾಡಿಸಿದರು. ಹೂವಿನ ಮಾತು ಮತ್ತೆ ಎತ್ತಲಿಲ್ಲ.

ನೆಲದ ಹೊಸ ತಗಡು, ಸೀಟು, ಬೆಲ್ಟು ಎಲ್ಲ ಕೂತ ಮೇಲೆ ಓಡಿಸಿ ನೋಡುವುದೊಂದು ಉಳಿಯಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆಸೆದವನೇ ಮೊದಲು ಏರಬೇಕು. ಜೋಕಾಲಿ ಬೆಸೆದವನು ಮೊದಲು ಜೀಕಬೇಕು, ಟಾಕಿಯ ಸ್ಟ್ಯಾಂಡು ಬೆಸೆದವನು ಮೊದಲು ಹತ್ತಿ ಕುಣಿಯಬೇಕು. ಹಾಗಾಗಿ ವಕೀಲಮ್ಮನ ಪಕ್ಕದ ಸೀಟು ನನ್ನದು. ಯಾರು ಬೇಡ ಅಂದರೂ ಬಿಡುತ್ತಿರಲಿಲ್ಲ.

ಊರ ಹೊರಗೆ ಒಂದು ಹಳೇ ಕಲ್ಲು ಗಣಿ ಇದೆ. ಕಲ್ಲು ತೆಗೆದು ಮುಗಿದು ನೆಲ ಬಯಲಾಗಿದೆ. ಪಾಲಿಶ್ ಮಷಿನ್ನಿನವರು ಕಲ್ಲಿನ ಹಿಟ್ಟನ್ನು ಅಲ್ಲೇ ತಂದು ಸುರಿಯುತ್ತಾರೆ. ತಾಯಿ ಕುರ್ಚಿ ಸಮೇತ ಬಂದರು. ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು.

"ಇಲ್ಲಿಗಷ್ಟೇ. ಮುಗದಮ್ಯಾಲ ಹೊಳ್ಳಿ ನನ್ನ ಕೈಯಾಗ ಕೊಡು."

ವಕೀಲಮ್ಮ ಹೂಂ ಅಂದರು. ಅವರಿಗೆ ರೇಸಿನ ಹೆಲ್ಮೆಟ್, ನನಗೆ ಉಸ್ತಾದರ ಮೋಟಾರ್ ಸೈಕಲ್ಲಿಂದು. ಅದರೊಳಗೆ ಉಸ್ತಾದರ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಮುಂದಿನ ಗಾಜು ಇನ್ನೂ ಕೂರಿಸಿರಲಿಲ್ಲ.

ಮೊದಲ ಸುತ್ತು ಮೆತ್ತಗೆ. ಎರಡನೇ ಸುತ್ತಿಗೆ ನನ್ನ ಬೆನ್ನು ಸೀಟಿಗೆ ಅಂಟಿತು. ಸದ್ದು ಎಷ್ಟಿತ್ತೆಂದರೆ ನಾನು ಕಿರುಚಿದ್ದು ನನಗೇ ಕೇಳಲಿಲ್ಲ. ಗಾಳಿ ಬಾಯಿಯೊಳಗೆ ನುಗ್ಗಿ ಕೆನ್ನೆ ಪಟಪಟ ಬಡಿಯಿತು. ಕೋರ್ಟಿನಲ್ಲಿ ಮೆಲ್ಲಗೆ ಮಾತಾಡುವ ಹೆಂಗಸು ಇವರೇನಾ ಅಂತ ನೋಡಿದೆ. ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಪೈಪು ಹಿಡಿದು ನೋಡಿದೆ. ಒಂದಿಷ್ಟೂ ಅಲುಗಲಿಲ್ಲ. ನಾನು ಮಾಡಿದ್ದು ಓಡಲಿಕತ್ತಿತ್ತು.

ಮೂರನೇ ಸುತ್ತಿನ ತಿರುವಿನಲ್ಲಿ ಹಿಂದಿನ ಗಾಲಿ ಜಾರಿತು. ಕಾರು ಅಡ್ಡ ಹೋಗಿ, ಒಂದು ಪಕ್ಕದ ಎರಡು ಗಾಲಿ ಕಲ್ಲು ಹಿಟ್ಟಿನ ಗುಡ್ಡೆ ಏರಿದವು. ಅಲ್ಲೇ ಸ್ವಲ್ಪ ಹೊತ್ತು ನಿಂತ ಹಾಗಾಯಿತು. ಬೀಳಲೋ ಬೇಡವೋ ಅಂತ ಕಾರೇ ವಿಚಾರ ಮಾಡಿದ ಹಾಗೆ. ಆಮೇಲೆ ಮಗ್ಗುಲಾಗಿ, ಪೂರ್ತಿ ಹೊರಳಿ, ಚಾವಣಿಯ ಮೇಲೆ ಮಲಗಿತು.

ಬೆಲ್ಟಿಗೆ ಬಾವಲಿಗಳ ಹಾಗೆ ಜೋತಾಡಿದೆವು. ವಕೀಲಮ್ಮ ಇಂಜಿನ್ ಬಂದ್ ಮಾಡಿದರು. ಚಾವಣಿಯ ತಗಡು ಒಂದು ಕಡೆ ತಗ್ಗಾಗಿ ಬಂದು ನನ್ನ ಪೈಪಿಗೆ ಬಡಿದು ಅಲ್ಲೇ ನಿಂತಿತ್ತು. ಪೈಪು ಹಾಗೇ ಇತ್ತು.

"ಅದೀಯೇನೋ?" ಅಂದರು.

"ಅದೀನ್ರಿ ಅಕ್ಕೋರೆ. ತಲಿ ಕೆಳಗ ಆಗ್ಯದ ಅಷ್ಟೇ."

ಅವರಿಗೆ ನಗು ಶುರುವಾಯಿತು. ನನಗೂ. ತಲೆಕೆಳಗಾಗಿ ನಕ್ಕರೆ ಕಣ್ಣೀರು ಹಣೆಯ ಕಡೆ ಹರಿಯುತ್ತದೆ. ಬೆಲ್ಟು ಬಿಚ್ಚಿದ ಕೂಡಲೇ ಇಬ್ಬರೂ ದಬಕ್ಕನೆ ಬಿದ್ದೆವು. ಕಿಟಕಿಯಿಂದ ತೆವಳಿ ಹೊರಗೆ ಬಂದಾಗ ಕಲ್ಲಿನ ಹಿಟ್ಟು ಮೆತ್ತಿ ಹಿಟ್ಟಿನ ಗಿರಣಿಯವರ ಹಾಗಾಗಿದ್ದೆವು.

ತಾಯಿ ಕುರ್ಚಿ ಬಿಟ್ಟು ಬೂಟು ಹಾಕಿದ ಕಾಲಲ್ಲಿ ಓಡಿ ಬಂದಿದ್ದರು. ನಗು ನಿಂತುಹೋಯಿತು. ಮಗಳನ್ನು ನೋಡಿದರು. ಬಗ್ಗಿ ಕಾರಿನೊಳಗೆ ನೋಡಿದರು. ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುವ ಹಾಗೆ ಪೈಪನ್ನು ಬೆರಳ ಗಂಟಿನಿಂದ ಬಾರಿಸಿದರು. ಇನ್ನೊಂದು ಪೈಪು ಬಾರಿಸಿದರು. ಆಮೇಲೆ ಮಗಳ ಎದುರು ಬಂದು ನಿಂತರು.

"ಬಲಗೈ ಮ್ಯಾಲ ಎತ್ತು."

ವಕೀಲಮ್ಮ ಎತ್ತಿದರು. ಕೈ ಕಿವಿ ದಾಟಿ, ತಲೆ ದಾಟಿ, ನೆಟ್ಟಗೆ ಮೇಲೆ ಹೋಯಿತು. ತಾಯಿ ಆ ಕೈಯನ್ನೇ ನೋಡುತ್ತ ನಿಂತರು. ಉಸ್ತಾದ್ ನನ್ನನ್ನೂ ಕೈ ಎತ್ತು ಅಂದರು. ಎತ್ತಿದೆ. ನನ್ನ ಕೈ ಯಾರೂ ನೋಡಲಿಲ್ಲ.

ವಕೀಲಮ್ಮ ಕಾರಿನೊಳಗೆ ಬಗ್ಗಿ ಕೀಲಿ ತೆಗೆದು ತಾಯಿಗೆ ಚಾಚಿದರು. ತಾಯಿ ಸೆರಗಿನ ತುದಿಯಿಂದ ಮಗಳ ಮುಖದ ಹಿಟ್ಟು ಒರೆಸಿದರು. ಕೀಲಿ ತಗೊಳ್ಳಲಿಲ್ಲ.

"ನಿನ್ನ ಹತ್ರನೇ ಇರ್ಲಿ. ಇಲ್ಲಿ ಬಿದ್ದಿದ್ದು ಸಾಕು, ಐತವಾರ ಅಲ್ಲಿ ಬೀಳಬ್ಯಾಡ."

ಹಮಾಲರು ಬಂದು ಕಾರು ಹೊರಳಿಸಿದರು. ಚಾವಣಿಯ ತಗ್ಗನ್ನು ನಾನು ಮರದ ಸುತ್ತಿಗೆಯಿಂದ ಒಳಗಿನಿಂದ ಬಡಿದು ಎತ್ತಿದೆ, ಗಾಜು ಕೂರಿಸಿದೆ. ಭಾನುವಾರ ವಕೀಲಮ್ಮ ಓಡಿಸಿದರು. ತಾಯಿಯೂ ಕುರ್ಚಿ ತಗೊಂಡು ಹೋಗಿದ್ದರಂತೆ. ನಾನು ಹೋಗಲಿಲ್ಲ, ಸೇಡಂನಲ್ಲಿ ಒಂದು ಗೇಟು ಹಚ್ಚುವುದಿತ್ತು. ಅದಕ್ಕೆ ಉಸ್ತಾದ್ ಹೂವಿನ ಮೇಲೆ ಹೂವು ಹಾಕಿದ್ದರು. ವಕೀಲಮ್ಮ ಬೀಳಲಿಲ್ಲ. ಗೆದ್ದರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚು ಹೇಳುವುದು ನನ್ನ ಹತ್ತಿರ ಏನೂ ಇಲ್ಲ.