ಕೇಸ್ ಪೇಪರ್ ಇಲ್ಲದ ಶರಣಮ್ಮ

ಶರಣಮ್ಮ ಹೇಳಿದ್ದನ್ನು ನಾನು ಹೇಳಲಿಲ್ಲ. ಅವಳು ಹೇಳದೇ ಇದ್ದದ್ದನ್ನು ಅವಳ ಮಾತು ಎಂದು ಹೇಳಿದೆ — ಪಾಲಿಕೆಯ ಆರೋಗ್ಯ ಸಮಿತಿಯ ಮುಂದೆ, ಅವಳ ಪಕ್ಕದಲ್ಲೇ ಕುಳಿತು. ಆ ಕೋಣೆಯಲ್ಲಿ ಕನ್ನಡವೂ ಮರಾಠಿಯೂ ಬರುತ್ತಿದ್ದವಳು ನಾನೊಬ್ಬಳೇ. ನನ್ನನ್ನು ತಡೆಯುವವರಾಗಲಿ ತಿದ್ದುವವರಾಗಲಿ ಅಲ್ಲಿ ಯಾರೂ ಇರಲಿಲ್ಲ.

ಇದನ್ನು ಬರೆಯಲು ಹತ್ತು ವರ್ಷಕ್ಕಿಂತ ಹೆಚ್ಚೇ ತೆಗೆದುಕೊಂಡಿದ್ದೇನೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರೆ, ಯಾರೂ ಕೇಳಲಿಲ್ಲ, ಅದಕ್ಕೆ. ಯಾರೂ ಕೇಳದಿದ್ದರೆ ಮನುಷ್ಯ ಎಷ್ಟು ವರ್ಷ ಬೇಕಾದರೂ ಊಟ ಮಾಡಿಕೊಂಡು, ಲೋಕಲ್ ರೈಲು ಹಿಡಿದುಕೊಂಡು ಆರಾಮಾಗಿ ಇರಬಲ್ಲ.

ನಾನು ದಾದಿ. ಕಾರ್ಕಳದ ಕಡೆಯವರು ನಾವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಅನ್ನ ಕೊಟ್ಟದ್ದು ಮರಾಠಿ. ಗಂಡ ಠಾಣೆಯ ವರ್ತಕ ನಗರದ ಹೋಟೆಲೊಂದರಲ್ಲಿ ಮ್ಯಾನೇಜರ್. ಆಗ ನಮ್ಮ ಮನೆ ಡೊಂಬಿವ್ಲಿ ಪೂರ್ವದಲ್ಲಿತ್ತು. ೨೦೦೭-೦೮ರ ಹೊತ್ತಿಗೆ ನಾನು ಆ ಸುತ್ತಿನ ಪಾಲಿಕೆಯೊಂದರ ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ, ಬರೆಯಬೇಕಾದಲ್ಲಿ ಬರೆದುಕೊಟ್ಟಿದ್ದೇನೆ. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್, ಒಂದು ದಿನದ ಬ್ರೇಕ್, ಮತ್ತೆ ಹನ್ನೊಂದು ತಿಂಗಳು — ಹೀಗೆ ನಾಲ್ಕನೇ ಸುತ್ತು ನಡೆದಿತ್ತು. ಮುಂದಿನ ಪಟ್ಟಿಯಲ್ಲಿ ಪರ್ಮನೆಂಟ್ ಮಾಡುತ್ತಾರೆ ಎಂಬ ಸುದ್ದಿ ಇತ್ತು.

ನಮ್ಮ ಡಾಕ್ಟರು ಬೆಳಿಗ್ಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ವಾರ್ಡಿಗೆ ಒಂದು ಸುತ್ತು ಬಂದು, ಹನ್ನೊಂದರೊಳಗೆ ತಮ್ಮ ಸ್ವಂತ ನರ್ಸಿಂಗ್ ಹೋಮಿಗೆ ಹೊರಟುಬಿಡುತ್ತಿದ್ದರು. ಪುಸ್ತಕದ ಪ್ರಕಾರ ಸಂಜೆಯವರೆಗೂ ಅವರು ಅಲ್ಲೇ. ಈ ವ್ಯವಸ್ಥೆ ಮುರಿಯದಂತೆ ಇನ್‌ಚಾರ್ಜ್ ಸಿಸ್ಟರ್ ನಮಗೊಂದು ಪಾಠ ಹೇಳಿಕೊಟ್ಟಿದ್ದರು. ಡಾಕ್ಟರು ಇಲ್ಲದಾಗ ಕಷ್ಟದ ಹೆರಿಗೆ ಬಂದರೆ ಕೇಸ್ ಪೇಪರ್ ಮಾಡಬಾರದು. ಕೇಸ್ ಪೇಪರ್ ಎಂದರೆ ಕಿಟಕಿಯಲ್ಲಿ ಕೊಡುವ ನೋಂದಣಿ ಚೀಟಿ. ಅದನ್ನು ಮಾಡಿದರೆ ಡಾಕ್ಟರು ನೋಡಿದ ಗುರುತು ಬೇಕು. ಆಂಬ್ಯುಲೆನ್ಸ್ ಕರೆಸಿದರೆ ಅವರ ಸಹಿ ಬೇಕು. "ಕೇಸ್ ಪೇಪರ್ ನಾಹೀ, ಮ್ಹಣಜೆ ಬಾಯಿ ಆಲೀಚ್ ನಾಹೀ" ಎನ್ನುತ್ತಿದ್ದರು. ಚೀಟಿ ಇಲ್ಲ ಎಂದರೆ ಹೆಂಗಸು ಬಂದೇ ಇಲ್ಲ. ಬಾಯಿಮಾತಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿಬಿಡುವುದು ನಮ್ಮ ರೂಢಿಯಾಗಿತ್ತು.

ಶರಣಮ್ಮ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಕಟ್ಟಡದ ಕೆಲಸದವಳು, ಯಾದಗಿರಿ ಕಡೆಯವಳು, ಚೊಚ್ಚಲ ಬಸುರಿ. ಗಂಡ ಸ್ಲ್ಯಾಬ್ ಹಾಕುವ ಕೆಲಸದಲ್ಲಿದ್ದ, ಬರಲಾಗಿರಲಿಲ್ಲ. ಜೊತೆಯ ಕೆಲಸದ ಹೆಂಗಸೊಬ್ಬಳು ರಿಕ್ಷಾದಲ್ಲಿ ಕರೆತಂದಿದ್ದಳು. ಬೆಂಚಿನ ಮೇಲೆ ಕೂತವಳ ಕಾಲು ನೋಡಿದೆ, ಬಾತುಕೊಂಡಿತ್ತು. ಬಿಪಿ ನೋಡಿದೆ, ಜಾಸ್ತಿ ಇತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ನೋವಿನ ನಡುವಿನ ಹೊತ್ತು ಎಣಿಸಿದೆ. ಎಷ್ಟು ಸಮಯ ಉಳಿದಿದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಇಲ್ಲ, ಗೊತ್ತಾಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

"ಯಕ್ಕಾ, ಬ್ಯಾನಿ ಭಾಳ ಆಗ್ಯಾವ್ರಿ. ಒಳಗ ತಗೋರಿ" ಎಂದಳು.

"ಇಲ್ಲಿ ಆಗುದಿಲ್ಲ ಮಾರಾಯ್ತಿ, ಡಾಕ್ಟ್ರು ಇಲ್ಲ. ದೊಡ್ಡ ಆಸ್ಪತ್ರೆಗೆ ಹೋಗು, ಈಗಲೇ ಹೊರಡು" ಎಂದೆ ನಾನು.

ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು. ಅಂಥ ನೋವಿನಲ್ಲೂ! ನೀರು ಕುಡಿಸಿದೆ, ಹೊರಗೆ ಹೋಗಿ ನಾನೇ ರಿಕ್ಷಾ ಕರೆದೆ, ಸೊಂಟ ಹಿಡಿದು ಹತ್ತಿಸಿದೆ. ಎಷ್ಟು ಒಳ್ಳೆಯವಳು ನಾನು — ಆಂಬ್ಯುಲೆನ್ಸ್‌ಗೆ ಒಂದು ಫೋನ್ ಮಾಡುವುದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ರಿಕ್ಷಾ ಮುಚ್ಚಿದ್ದ ರೈಲ್ವೆ ಫಾಟಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಒಂದರ ಹಿಂದೆ ಒಂದು ಗಾಡಿ ಹೋಗುತ್ತಿದ್ದ ಹೊತ್ತು. ಅಲ್ಲೇ ಹೆರಿಗೆಯಾಯಿತು. ಗಂಡು ಮಗು, ಅಳಲಿಲ್ಲ.

ಆ ಸೈಟಿನ ಕೂಲಿಗಳ ನಡುವೆ ಕೆಲಸ ಮಾಡುತ್ತಿದ್ದ ಒಬ್ಬ ಸಮಾಜಸೇವಕಿ, ಜೊತೆಗೆ ಹೋಗಿದ್ದ ಹೆಂಗಸು ಹರಕು ಹಿಂದಿಯಲ್ಲಿ ಹೇಳಿದ್ದನ್ನು ಕೇಳಿ, ಪಾಲಿಕೆಗೆ ದೂರು ಬರೆದುಕೊಟ್ಟರು. ತಿಂಗಳ ಮೇಲೆ ಆರೋಗ್ಯ ಸಮಿತಿ ವಿಚಾರಣೆಗೆ ನಮ್ಮಲ್ಲಿಗೇ ಬಂತು. ಸಮಿತಿ ಎಂದರೆ ಚಹಾ ಬಿಸ್ಕತ್ತು ಎಂದು ನಗುವುದು ಸುಲಭ. ಈ ಸಮಿತಿ ಹಾಗಿರಲಿಲ್ಲ, ಅದನ್ನು ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ಅಧ್ಯಕ್ಷೆ ಒಬ್ಬ ನಗರಸೇವಕಿ, ಎಂದರೆ ಕಾರ್ಪೊರೇಟರ್, ಹಿಂದೆ ಶಾಲೆಯಲ್ಲಿ ಟೀಚರಾಗಿದ್ದವರು. ಚಹಾ ಬೇಡ ಎಂದರು. ಹಾಜರಿ ಪುಸ್ತಕ ತರಿಸಿದರು, ಲೇಬರ್ ರೂಮಿನ ಬೀರು ತೆರೆಸಿದರು, ಔಷಧದ ಮೇಲಿನ ದಿನಾಂಕ ಓದಿದರು. ಆಮೇಲೆ, "ಆ ಹೆಂಗಸಿನ ಬಾಯಿಂದಲೇ ಕೇಳಬೇಕು" ಎಂದರು.

ಶರಣಮ್ಮನಿಗೆ ಮರಾಠಿ ಬಾರದು, ಹಿಂದಿ ನಾಲ್ಕು ಶಬ್ದ. ದೂರು ಬರೆದ ಸಮಾಜಸೇವಕಿಗೆ ಕನ್ನಡ ಬಾರದು, ಅವರನ್ನು ಒಳಗೆ ಕರೆದೂ ಇರಲಿಲ್ಲ. ರಿಕ್ಷಾದಲ್ಲಿ ಜೊತೆಗೆ ಬಂದಿದ್ದವಳು ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿ ಎಲ್ಲೋ ಮಾಯವಾಗಿದ್ದಳು. ಗಂಡ ಬಂದಿರಲಿಲ್ಲ, ಊರಿಂದ ಬಂದ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕನ್ನಡ ಯಾರಿಗೆ ಬರುತ್ತದೆ ಎಂದು ಅಧ್ಯಕ್ಷೆ ಕೇಳಿದ ಕೂಡಲೇ ಇನ್‌ಚಾರ್ಜ್ ಸಿಸ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಂದರು. ಆ ದಿನ ಬಾಗಿಲಲ್ಲಿದ್ದವಳು ನಾನೇ ಎಂದು ಸಮಿತಿಗೆ ಯಾರೂ ಹೇಳಲಿಲ್ಲ. ಡಾಕ್ಟರು ಒಮ್ಮೆ ನನ್ನ ಕಡೆ ನೋಡಿ ಕಣ್ಣು ಬೇರೆಡೆ ತಿರುಗಿಸಿದರು.

ಒಳಗೆ ಹೋಗುವ ಮೊದಲು ಶರಣಮ್ಮ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಯಾರ ಕೆಲಸವೂ ಹೋಗಬೇಕಿರಲಿಲ್ಲ, ಯಾರಿಂದ ಏನೂ ಬೇಕಿರಲಿಲ್ಲ. "ಯಕ್ಕಾ, ನಮ್ಮತ್ತಿ ಅಂತಾಳ್ರಿ, ನೀ ದವಾಖಾನಿಗಿ ಹೋಗೇ ಇಲ್ಲ, ಕಡೀತನ ಇಟ್ಟಂಗಿ ಹೊತ್ತು ನನ್ನ ಮೊಮ್ಮಗನ್ನ ಕೊಂದಿ ಅಂತ. ನಾ ಬಂದಿದ್ದೆ ಅಂತ ಅವರು ಕಾಗದದಾಗ ಬರದು ಕೊಟ್ರ ಸಾಕ್ರಿ" ಎಂದಳು. ಅಷ್ಟೇ. ತಾನು ಬಂದಿದ್ದೆ ಎಂಬ ಒಂದು ಸಾಲು.

ಅಧ್ಯಕ್ಷೆ ನಿಧಾನವಾಗಿ ಕೇಳಿದರು: ಈ ಕಟ್ಟಡದೊಳಗೆ ನೀನು ಬಂದಿದ್ದೆಯಾ? ಯಾರು ನೋಡಿದರು?

ನಾನು ಅದನ್ನು ಕನ್ನಡದಲ್ಲಿ ಸರಿಯಾಗಿಯೇ ಕೇಳಿದೆ. ಶರಣಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. "ಬಂದೀನ್ರಿ. ಎಲ್ಡು ಹೊಡದಿತ್ತು. ಈ ಯಕ್ಕಾರೇ ಇದ್ರು ನೋಡ್ರಿ, ನನಗ ನೀರು ಕುಡಿಸ್ಯಾರ. ಇವರ್ನೇ ಕೇಳ್ರಿ." ನನ್ನ ಕಡೆ ಕೈ ತೋರಿಸಿದಳು.

ದೂರು ಇರಲಿಲ್ಲ ಆ ಮಾತಿನಲ್ಲಿ. ಅವಳು ನನ್ನನ್ನು ಸಾಕ್ಷಿಯಾಗಿ ಕರೆಯುತ್ತಿದ್ದಳು, ನಾನೇ ದೇವರು ಅವಳಿಗೆ ಕೊಟ್ಟ ಸಾಕ್ಷಿ ಎಂಬಂತೆ —

"ತೀ ಕಾಯ್ ಮ್ಹಣತೇ?" ಏನಂತಾಳೆ ಎಂದರು ಅಧ್ಯಕ್ಷೆ.

ನಾನು ಮರಾಠಿಯಲ್ಲಿ ಹೇಳಿದೆ: "ಗೇಟಿನವರೆಗೆ ಬಂದಿದ್ದಳಂತೆ. ತಡವಾಗಿ ಹೊರಟಿದ್ದಳು, ಬೆಳಿಗ್ಗೆಯಿಂದ ನೋವಿದ್ದರೂ ಕೆಲಸ ಮಾಡುತ್ತಿದ್ದಳಂತೆ. ಒಳಗೆ ಬರಲಿಲ್ಲ. ರಿಕ್ಷಾದವನು ದೊಡ್ಡ ಆಸ್ಪತ್ರೆಗೇ ಹೋಗೋಣ ಅಂದನಂತೆ."

ಅಧ್ಯಕ್ಷೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ನಿಮ್ಮ ಕಡೆ ಕೈ ತೋರಿಸಿದಳಲ್ಲ, ಯಾಕೆ?"

ಇಲ್ಲಿ ಒಂದು ಕ್ಷಣ ಸಿಕ್ಕಿತ್ತು ನನಗೆ. ಅವರು ಕೈಯಾರೆ ಬಾಗಿಲು ತೆರೆದು ಹಿಡಿದಿದ್ದರು. ಹೆದರಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಾನು ಹೆದರಿರಲಿಲ್ಲ. ಪರ್ಮನೆಂಟ್ ಪಟ್ಟಿ ನೆನಪಿತ್ತು. ಇನ್‌ಚಾರ್ಜ್ ಸಿಸ್ಟರ್ ಹಿಂದೆ ನಿಂತಿರುವುದು ಗೊತ್ತಿತ್ತು. ನಾನು ನಕ್ಕು ಹೇಳಿದೆ: "ನಾನು ಅವಳ ಭಾಷೆಯವಳಲ್ಲವೇ ಮ್ಯಾಡಮ್. ಈ ಅಕ್ಕನಿಗೆ ನನ್ನ ಕಷ್ಟ ಅರ್ಥವಾಗುತ್ತದೆ ಅಂತಾಳೆ."

ಅಧ್ಯಕ್ಷೆಯ ಮುಖ ಮೆತ್ತಗಾಯಿತು. ನೀವಿದ್ದದ್ದು ಒಳ್ಳೆಯದಾಯಿತು ಎಂದರು. ಬೇರೆ ರೀತಿಯಲ್ಲಿ ಇನ್ನೊಮ್ಮೆ ಅದನ್ನೇ ಕೇಳಿದರು. ನಾನು ಇನ್ನೊಮ್ಮೆ ಅದನ್ನೇ ಮಾಡಿದೆ. ಹೇಳಿಕೆ ಬರೆದು ಮುಗಿಯಿತು, ಸ್ಟ್ಯಾಂಪ್ ಪ್ಯಾಡ್ ಬಂತು. ಶರಣಮ್ಮ ಹೆಬ್ಬೆರಳು ಚಾಚಿ ಹಾಗೇ ನಿಂತಳು. "ನಾ ಬಂದಿದ್ದೆ ಅಂತ ಬರದಾರಲ್ರಿ, ಯಕ್ಕಾ?"

"ಬರೆದಿದ್ದಾರೆ" ಎಂದೆ.

ಅವಳು ಹೆಬ್ಬೆಟ್ಟು ಒತ್ತಿದಳು.

ಆ ಒಂದು ಮಾತನ್ನು ಯಾವ ಡಾಕ್ಟರೂ ಯಾವ ಸಿಸ್ಟರೂ ನನ್ನಿಂದ ಹೇಳಿಸಲಿಲ್ಲ. ಕನ್ನಡದಲ್ಲಿ ಹೇಳಿದ ಮಾತು ಅದು. ಅವರಾರಿಗೂ ಅರ್ಥವೇ ಆಗುತ್ತಿರಲಿಲ್ಲ. ಅದು ಪೂರ್ತಿ ನನ್ನದೇ.

ಕೆಲವು ವಾರಗಳ ನಂತರ ಅತ್ತೆ ಸೊಸೆ ಇಬ್ಬರೂ ಪಾಲಿಕೆಯಿಂದ ಬಂದ ಪತ್ರ ಹಿಡಿದುಕೊಂಡು ಆಸ್ಪತ್ರೆಯ ನೋಂದಣಿ ಕಿಟಕಿಗೆ, ನನ್ನ ಹತ್ತಿರವೇ ಬಂದರು. ಇನ್ನಾರ ಹತ್ತಿರ ಹೋಗಬೇಕು? ಮರಾಠಿಯಲ್ಲಿ ಬರೆದಿತ್ತು: ಅರ್ಜಿದಾರಳು ಆಸ್ಪತ್ರೆಯೊಳಗೆ ಬಂದಿರಲಿಲ್ಲವೆಂದೂ ತಡವಾಗಿ ಹೊರಟಿದ್ದಳೆಂದೂ ಸ್ವತಃ ಸಮಿತಿಯ ಮುಂದೆ ಒಪ್ಪಿಕೊಂಡಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಸ್ವತಃ ಎಂಬ ಶಬ್ದವನ್ನು ನಾನು ಎರಡು ಸಲ ಓದಿದೆ. ಅದನ್ನು ಗಟ್ಟಿಯಾಗಿ ಓದಿ ಹೇಳುವ ಧೈರ್ಯವೂ ಬರಲಿಲ್ಲ, ನಿಜ ಹೇಳುವ ಧೈರ್ಯವೂ ಬರಲಿಲ್ಲ. "ಯಾರದೂ ತಪ್ಪಿಲ್ಲ ಅಂತ ಬರೆದಿದ್ದಾರೆ" ಎಂದು ಮಡಚಿ ಕೊಟ್ಟೆ. ಇಬ್ಬರಿಗೂ ಸಮಾಧಾನವಾಗುವ ಮಾತು ಎಂದುಕೊಂಡಿದ್ದೆ.

ಮುದುಕಿ ಪತ್ರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಯಾರದೂ ಅಲ್ಲಂದ್ರ ಈಕೀದೇ" ಎಂದಳು. ಸಿಟ್ಟೂ ಇರಲಿಲ್ಲ ದನಿಯಲ್ಲಿ, ಲೆಕ್ಕ ಮುಗಿಯಿತು ಎಂಬ ಹಾಗಿತ್ತು.

ಶರಣಮ್ಮ ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡಿದಳು. "ನಾ ಹೇಳಿದ್ದೆಲ್ಲಾ ನೀವು ಹೇಳಿದ್ರಲ್ರಿ?"

"ಹೇಳಿದೆ."

"ಹಂಗಾರ ಅವರಿಗೇ ತಿಳೀಲಿಲ್ಲ ಬಿಡ್ರಿ." ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು ಅದನ್ನು. ಅತ್ತೆಯ ಹಿಂದೆ ಗೇಟು ದಾಟಿ ಹೋದಳು.

ಆ ತಿಂಗಳೇ ಅವಳನ್ನು ಊರಿಗೆ ಕರೆದೊಯ್ದು ಅಣ್ಣನ ಮನೆಯಲ್ಲಿ ಬಿಟ್ಟರು ಎಂದೂ, ಗಂಡನಿಗೆ ಬೇರೆ ಹುಡುಗಿಯನ್ನು ತಂದರು ಎಂದೂ ಆ ಸೈಟಿನ ಹೆಂಗಸರಿಂದ ಮುಂದೆ ಗೊತ್ತಾಯಿತು. ಅಧ್ಯಕ್ಷೆ ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬ ಡಾಕ್ಟರನ್ನು ಹಾಕಿಸಲು ಓಡಾಡುತ್ತಿದ್ದರಂತೆ. ದೂರೇ ಬಿದ್ದುಹೋದ ಮೇಲೆ ಆ ಮಾತೂ ನಿಂತಿತು. ಎರಡು ಗಂಟೆಗೆ ಬಂದ ಎಷ್ಟು ಹೆಂಗಸರನ್ನು ಆಮೇಲೂ ನಾವು ವಾಪಸು ಕಳಿಸಿದೆವೋ — ಕೇಸ್ ಪೇಪರ್ ಇಲ್ಲ, ಎಣಿಸಲು ಬರುವುದಿಲ್ಲ. ಒಂದೂವರೆ ವರ್ಷಕ್ಕೆ ನಾನು ಪರ್ಮನೆಂಟ್ ಆದೆ. ಆ ದಿನ ಮನೆಗೆ ಜಿಲೇಬಿ ತಂದಿದ್ದೆ.

ಹೋದ ವರ್ಷ ನಿವೃತ್ತಿಯಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ಅಧಿಕಾರಿಯೊಬ್ಬರು ಹೊಗಳಿದರು: ಬಡ ಕೂಲಿ ಹೆಂಗಸರ ಮಾತನ್ನು ಸಮಿತಿಯ ಮುಂದೆ ಅವರದೇ ಭಾಷೆಯಿಂದ ತಿಳಿಸಿದವರು ಈ ಸಿಸ್ಟರ್ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಆ ಸಭೆಯಲ್ಲೇ ಎದ್ದು ಹೇಳಬಹುದಿತ್ತು, ಹೇಳಲಿಲ್ಲ. ಹತ್ತು ವರ್ಷ ಸುಮ್ಮನಿದ್ದದ್ದಕ್ಕಿಂತ ಆ ಕೈ ಮುಗಿದದ್ದು ನನಗೆ ಹೆಚ್ಚು ಅಸಹ್ಯ ಹುಟ್ಟಿಸಿತು.

ಈಗ ನಾವು ಖಾರಘರದಲ್ಲಿದ್ದೇವೆ. ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ತುಳುವಿನಲ್ಲಿ, "ಬಿಡು ಮಾರಾಯ್ತಿ, ಹಳೇ ಕತೆ, ಈಗ ಹೇಳಿ ಯಾರಿಗೆ ಎಂತ ಆಗಬೇಕು" ಎಂದರು. ನನಗೇನಾದರೂ ಆದೀತೆಂಬ ಚಿಂತೆ ಅವರಿಗೆ. ನಾನು ಮರಾಠಿಯಲ್ಲಿ ನಾಲ್ಕು ಪುಟ ಬರೆದು, ನನ್ನ ಹೆಸರು, ಹುದ್ದೆ ಎಲ್ಲ ಹಾಕಿ ಪಾಲಿಕೆಯಲ್ಲಿ ಅರ್ಜಿ ತೆಗೆದುಕೊಳ್ಳುವ ಆವಕ ಕಿಟಕಿಯಲ್ಲಿ ಕೊಟ್ಟುಬಂದೆ. ಅಲ್ಲಿದ್ದ ಗುಮಾಸ್ತ ಓದಿ ನನ್ನ ಮುಖ ನೋಡಿ, "ಆ ಫೈಲು ಈಗ ಇದೆಯೋ ಇಲ್ಲವೋ, ಬಾಯೀ" ಎಂದ. ಕಾಗದ ಬಂತೆಂದು ಶಿಕ್ಕಾ ಹೊಡೆದು ಕೊಡಪ್ಪ, ಸಾಕು ಎಂದೆ. ಕೊಟ್ಟ.

ಆದರೆ ಶರಣಮ್ಮ ಬಾಳಬೇಕಾದದ್ದು ಪಾಲಿಕೆಯ ಫೈಲಿನಲ್ಲಿ ಅಲ್ಲವಲ್ಲ. ಇಲ್ಲಿ ಗುಡ್ಡದ ಕೆಳಗೆ ಏಳುತ್ತಿರುವ ಕಟ್ಟಡಗಳಲ್ಲಿ ಯಾದಗಿರಿ ಕಡೆಯ ಹೆಂಗಸರು ಬಹಳ ಇದ್ದಾರೆ. ತಿಂಗಳುಗಟ್ಟಲೆ ಕೇಳುತ್ತಾ ಹೋದೆ. ಕೊನೆಗೆ ಒಬ್ಬಳು ಅವಳ ಊರಿನವಳೇ ಸಿಕ್ಕಳು. "ಇದ್ದಾಳ್ರಿ, ಅಣ್ಣನ ಮನ್ಯಾಗೇ ಇದ್ದಾಳ. ಸಾಲ್ಯಾಗ ಅಡಗಿ ಮಾಡ್ತಾಳ" ಎಂದಳು. ಅತ್ತೆಯೂ ಬದುಕಿದ್ದಾಳಂತೆ, ಕಣ್ಣು ಮಂದವಾಗಿದೆಯಂತೆ, ಕಿವಿ ನೆಟ್ಟಗಿದೆಯಂತೆ.

ಊರಿಗೆ ಎಂದರೆ ನಾವು ಪನ್ವೇಲಿನಿಂದ ಕೊಂಕಣ ರೈಲು ಹತ್ತುವವರು. ಆ ಕಡೆಯ ಕರ್ನಾಟಕವನ್ನು ನಾನು ನೋಡಿಯೇ ಇಲ್ಲ. ಬರುವ ವಾರಕ್ಕೆ ಇಲ್ಲಿನ ಕಲ್ಯಾಣ ಜಂಕ್ಷನ್ನಿನಿಂದ ಯಾದಗಿರಿಗೆ ಟಿಕೆಟ್ ತೆಗೆಸಿದ್ದೇನೆ. ಮೊದಲು ಅಣ್ಣನ ಮನೆಗೆ ಹೋಗಬೇಕು. ಅವಳು ಬಾಗಿಲು ಹಾಕಿಕೊಂಡರೆ ಅದು ಅವಳ ಹಕ್ಕು; ಕ್ಷಮಿಸು ಎಂದು ಕೇಳಿ ಅವಳನ್ನು ಇನ್ನಷ್ಟು ಕಷ್ಟಕ್ಕೆ ಸಿಕ್ಕಿಸುವುದಿಲ್ಲ. ಅಲ್ಲಿಂದ ಅತ್ತೆಯ ಮನೆಗೆ. ಶರಣಮ್ಮ ಜೊತೆಗೆ ಬಂದರೆ ಬರಲಿ, ಬಾರದಿದ್ದರೂ ನಾನು ಹೋಗುತ್ತೇನೆ. ಅಕ್ಕಪಕ್ಕದವರಿಗೂ ಕೇಳುವಂತೆ ಅಂಗಳದಲ್ಲೇ ನಿಂತು ಹೇಳುವುದು ಇಷ್ಟೇ: ನಿಮ್ಮ ಸೊಸೆ ಬಂದಿದ್ದಳು. ಹೊತ್ತಿಗೆ ಸರಿಯಾಗಿ ಬಂದಿದ್ದಳು. ವಾಪಸು ಕಳಿಸಿದವಳು ನಾನು.