ವರದಿಯಲ್ಲಿ ಬಿಟ್ಟ ಏಳನೆಯದು

ವಿಚಿತ್ರವಾದದ್ದೇನಾದರೂ ಕಂಡೆ ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದ್ದಿರಿ, ಊಟಕ್ಕೆ ಏನಿತ್ತು ಎಂದು ನಾನು ಕೇಳುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು, ಬರಲಿ ಎಂದುಕೊಳ್ಳುತ್ತಿದ್ದೆ. ಸಾಂಗಲಿಯ ವಿಶ್ರಾಮಬಾಗದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದೆ. ಆ ಮಾತನ್ನು ಒಮ್ಮೆ ನಾನೇ ಮುರಿದೆ. ಅದು ಹೇಗಾಯಿತೆಂದು ಈಗ ಹೇಳುತ್ತೇನೆ. ಓದಿದವರು ನನ್ನ ನಿದ್ದೆಯನ್ನು ವಿಚಾರಿಸಿದರೆ ತಪ್ಪು ತಿಳಿಯುವುದಿಲ್ಲ.

ನಮ್ಮದು ಸಾಂಗಲಿಯ ಅರಿಸಿನ ಪೇಟೆಯ ಮನೆತನ. ಅಪ್ಪ ಬೆಳಿಗ್ಗೆ ಆರಕ್ಕೆ ಅಂಗಡಿಯ ಬಾಗಿಲು ತೆಗೆದರೆ ಅಕ್ಕಪಕ್ಕದವರು ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಅದೇ ಶಿಸ್ತು ನನಗೂ ಬಂತು. ನನ್ನ ಅಭ್ಯಾಸದ ವಿಷಯ ಡಯಾಟಮ್. ಇದು ಬರಿಗಣ್ಣಿಗೆ ಕಾಣದ, ಒಂದೇ ಜೀವಕೋಶದ ಪಾಚಿ. ಮೈಸುತ್ತ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತದೆ. ಪಾಚಿ ಸತ್ತರೂ ಚಿಪ್ಪು ಉಳಿಯುತ್ತದೆ, ಆಮ್ಲದಲ್ಲಿ ಕುದಿಸಿದರೂ ಕರಗುವುದಿಲ್ಲ. ಚಿಪ್ಪಿನ ಮೇಲಿನ ಗೆರೆ, ತೂತುಗಳನ್ನು ನೋಡಿ ಅದು ಯಾವ ಜಾತಿ, ಯಾವ ನೀರಿನದು ಎಂದು ಹೇಳಬಹುದು. ನಾನು ಸಮುದ್ರದವನ್ನು ವಿಂಗಡಿಸುತ್ತಿದ್ದೆ. ವರ್ಷಕ್ಕೆ ಎರಡು ಸಲ ರತ್ನಾಗಿರಿಯ ಬಸ್ಸು ಹಿಡಿದು ಹೋಗಿ ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿ ತರುತ್ತಿದ್ದೆ. ಒಂದೊಂದು ಬಾಟಲಿಗೂ ನೀರು ಹೀರಿ ತೆಗೆಯುವ ಅದರದೇ ಪಿಪೆಟ್ಟನ್ನು ದಾರದಿಂದ ಕಟ್ಟಿಡುತ್ತಿದ್ದೆ. ಒಂದರದು ಇನ್ನೊಂದಕ್ಕೆ ತಾಗಿತೋ, ಇಲ್ಲದ ಜಾತಿ ಇದ್ದಂತೆ ಕಾಣುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕಂಡ ಪ್ರತಿ ಜಾತಿಗೂ ಒಂದು ಕಾರ್ಡು: ಚಿತ್ರ, ಸಿಕ್ಕ ಜಾಗ, ಹೆಸರು, ಗಾಜಿನ ಸ್ಲೈಡಿನಲ್ಲಿ ಅದು ಎಲ್ಲಿದೆ ಎಂಬುದಕ್ಕೆ ಸೂಕ್ಷ್ಮದರ್ಶಕದ ಅಳತೆಪಟ್ಟಿಯ ಮೇಲಿನ ಎರಡು ಅಂಕಿ. ಅಂಕಿ ಹೊಂದಿಸಿದರೆ ಹತ್ತು ವರ್ಷದ ನಂತರವೂ ಅದೇ ಚಿಪ್ಪು ಕಣ್ಣೆದುರು ಬರಬೇಕು.

ಆಗ ನದಿಯ ದಂಡೆಯ ಊರೂರಿಗೂ ಸಹಕಾರಿ ಸಂಘಗಳು ಏಳುತ್ತಿದ್ದವು. ಕಬ್ಬಿಗೆ ಒಂದು, ಹಾಲಿಗೆ ಒಂದು, ಕೃಷ್ಣೆಯ ನೀರನ್ನು ಹೊಲಕ್ಕೆ ಏರಿಸಲು ಇನ್ನೊಂದು. ಅಂಥ ಒಂದು ನೀರಾವರಿ ಸಂಘದ ಪಂಪು ನೋಡಿಕೊಳ್ಳುತ್ತಿದ್ದ ಸಿದ್ದಪ್ಪ ಎಂಬವನ ಹೆಣ, ಹೊಳೆಯ ನೀರು ಬಂದು ತುಂಬುವ ಪಂಪಿನ ಬಾವಿಯಲ್ಲಿ ಸಿಕ್ಕಿತು. ವಿಜಾಪುರದ ಕಡೆಯಿಂದ ದುಡಿಯಲು ಬಂದ ಮನುಷ್ಯ. (ಇಲ್ಲಿನ ಹೆಸರುಗಳನ್ನು ಬದಲಿಸಿದ್ದೇನೆ.) ಸಾಯುವ ಮೊದಲು ಎಂಟು ದಿನ ಅವನು, ಮನೆಯ ನೀರು ಉಪ್ಪಾಗಿದೆ ಎಂದು ಗೊಣಗುತ್ತಿದ್ದನಂತೆ. ಅಷ್ಟು ಸಾಕಾಯಿತು. ಹೆಂಡತಿ ಕಲ್ಲವ್ವ ನೀರಿನಲ್ಲಿ ವಿಷ ಹಾಕಿ ಕೊಂದು ಬಾವಿಗೆ ತಳ್ಳಿದ್ದಾಳೆ ಎಂದು ಅವನ ಅಣ್ಣಂದಿರು ಫಿರ್ಯಾದು ಕೊಟ್ಟರು. ಮೂರು ವರ್ಷದ ಮಗಳನ್ನು ಅವಳಿಂದ ಕಸಿದು ತಮ್ಮಲ್ಲಿ ಇಟ್ಟುಕೊಂಡರು.

ಇದನ್ನೆಲ್ಲ ನನಗೆ ಹೇಳಿದವರು ಹೆಣದ ಪರೀಕ್ಷೆ ಮಾಡಿದ ಮಿರಜದ ಒಬ್ಬ ಡಾಕ್ಟರು. ನನ್ನ ಅಣ್ಣನ ಸಹಪಾಠಿ, ಅವರನ್ನು ದಾದಾ ಎಂದೇ ಕರೆಯುತ್ತಿದ್ದೆ. ಒಂದು ಶನಿವಾರ ನನ್ನ ಪ್ರಯೋಗಶಾಲೆಗೆ ಬಂದು, ಮೊಹರು ಮಾಡಿದ ಒಂದು ಗಾಜಿನ ನಳಿಗೆಯನ್ನೂ ಪಂಪಿನ ಬಾವಿಯ ನೀರು ತುಂಬಿದ ಬಾಟಲಿಯನ್ನೂ ಮೇಜಿನ ಮೇಲಿಟ್ಟರು.

“ಏನವ್ವಾ ತಂಗಿ, ನಿನ್ನ ಪಾಚಿ ಒಂದ ದಿವಸ ಮನಷ್ಯಾರ ಕೆಲಸಕ್ಕ ಬರ್ತಾವಂತ ನಾ ಕನಸಿನ್ಯಾಗೂ ತಿಳದಿದ್ದಿಲ್ಲ ನೋಡು,” ಎಂದು ನಕ್ಕರು. ಆಮೇಲೆ ನಗು ಬಿಟ್ಟು ವಿಷಯ ತಿಳಿಸಿದರು. ಉಸಿರಾಡುತ್ತ ಮುಳುಗಿದವನ ಶ್ವಾಸಕೋಶಕ್ಕೆ ನೀರು ಹೋಗುತ್ತದೆ, ನೀರಿನ ಜೊತೆ ಡಯಾಟಮ್ ಹೋಗುತ್ತದೆ, ರಕ್ತದಲ್ಲಿ ಹರಿದು ಎಲುಬಿನ ಒಳಗಿನ ಮಜ್ಜೆಯನ್ನು ಸೇರುತ್ತದೆ. ಸತ್ತ ಮೇಲೆ ಬಿದ್ದವನಲ್ಲಿ ಹಾಗಾಗುವುದಿಲ್ಲ. ನಳಿಗೆಯಲ್ಲಿದ್ದುದು ಸಿದ್ದಪ್ಪನ ಮಜ್ಜೆಯನ್ನು ಆಮ್ಲದಲ್ಲಿ ಕುದಿಸಿ ಉಳಿದ ಗಸಿ. ಮುಂಬಯಿಗೆ ಕಳಿಸಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೂ ಆ ಹೆಂಗಸು ಜೈಲಿನಲ್ಲೇ ಇರಬೇಕಾಗುತ್ತದೆ ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ಉತ್ತರದ ಕಿಟಕಿಯ ಬೆಳಕಿನಲ್ಲಿ ಕುಳಿತೆ. ಹೊಸ ಪೊಟ್ಟಣ ಒಡೆದು ಸ್ಲೈಡು ತೆಗೆದೆ. ಪಿಪೆಟ್ಟೂ ಹೊಸದು. ಗಸಿಯನ್ನು ಸ್ಲೈಡಿನ ಮೇಲೆ ಅಂಟಿನಲ್ಲಿ ಕೂರಿಸಿದೆ. ರತ್ನಾಗಿರಿಯ ಬಾಟಲಿಗಳು ಪಕ್ಕದ ಕೋಣೆಯ ಕಪಾಟಿನಲ್ಲಿ ಬೀಗದೊಳಗಿದ್ದವು. ಗಸಿಯಲ್ಲಿ ಆರು ಜಾತಿಯ ಡಯಾಟಮ್ ಸಿಕ್ಕವು. ಎಲ್ಲ ಉದ್ದನೆಯವು, ದೋಣಿಯಾಕಾರದವು. ಬಾವಿಯ ನೀರಿನಲ್ಲೂ ಅವೇ ಆರು. ಅಂದರೆ ಸಿದ್ದಪ್ಪ ನೀರಿಗೆ ಬಿದ್ದಾಗ ಜೀವಂತವಾಗಿದ್ದ, ವಿಷದಿಂದ ಸತ್ತವನಲ್ಲ. ನನಗೆ ಹಗುರವೆನಿಸಿತು. ಆದರೂ ಪದ್ಧತಿಯಂತೆ ಸ್ಲೈಡಿನ ಕೊನೆಯ ಸಾಲಿನವರೆಗೆ ನೋಡಲೇಬೇಕಲ್ಲ, ನೋಡಿದೆ. ಅಲ್ಲಿ ಏಳನೆಯದು ಇತ್ತು.

ದುಂಡನೆಯ ಬಿಲ್ಲೆ, ಹಿಟ್ಟಿನ ಸಾಣಿಗೆಯ ಹಾಗೆ ತೂತುಗಳು, ನಟ್ಟನಡುವೆ ಹೂವಿನಂಥ ಒಂದು ಗುರುತು. ದುಂಡನೆಯವು ಸಿಹಿನೀರಿನಲ್ಲೂ ಇರುತ್ತವೆ, ಆದರೆ ಅವುಗಳ ಗೆರೆಗಳೇ ಬೇರೆ. ಇದು ಸಮುದ್ರದ್ದು. ಅಷ್ಟೇ ಅಲ್ಲ, ಅಷ್ಟು ದೊಡ್ಡ ಚಿಪ್ಪು ಶ್ವಾಸಕೋಶವನ್ನು ದಾಟಿ ಎಲುಬಿಗೆ ಹೋಗುವುದು ಸಾಧ್ಯವೇ ಇಲ್ಲ.

ನಾನೇ ಎಲ್ಲೋ ಬೆರಕೆ ಮಾಡಿದೆ ಎಂದುಕೊಂಡೆ. ಕಾರ್ಡು ತೆಗೆದುಕೊಂಡು ಅದರ ಚಿತ್ರ ಬರೆದೆ, ಎರಡು ಅಂಕಿ ಗುರುತು ಹಾಕಿದೆ. ಆಮೇಲೆ ಅಷ್ಟೂ ವರ್ಷಗಳ ರತ್ನಾಗಿರಿಯ ಕಾರ್ಡುಗಳನ್ನು ಒಂದೊಂದಾಗಿ ತಿರುವಿದೆ. ಅಂಥ ಜಾತಿ ನನ್ನ ಯಾವ ಬಾಟಲಿಯಲ್ಲೂ ಸಿಕ್ಕಿರಲಿಲ್ಲ. ನನ್ನಲ್ಲಿ ಇಲ್ಲದ್ದು ನನ್ನಿಂದ ಬೆರೆಯುವುದು ಹೇಗೆ? ಆ ದಿನವೆಲ್ಲ ನೀರು ಉಪ್ಪಾಗಿದೆ ಎಂದಿದ್ದನಲ್ಲ ಆ ಮನುಷ್ಯ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸೋಮವಾರ ಏಳಕ್ಕೆ ಮತ್ತೆ ಅಂಕಿ ಹೊಂದಿಸಿ ನೋಡಿದೆ. ಬರಿ ಗಾಜು. ಆರೂ ತಂತಮ್ಮ ಜಾಗದಲ್ಲಿದ್ದವು, ಏಳನೆಯದಿಲ್ಲ. ಸ್ಲೈಡಿನ ಅಂಟು ಒಣಗಿ ಕಲ್ಲಾಗಿತ್ತು, ಅದರೊಳಗಿನದು ಕೂದಲೆಳೆಯಷ್ಟೂ ಸರಿಯಲಾರದು. ಮೂರು ಸಲ ಇಡೀ ಸ್ಲೈಡು ಜಾಲಾಡಿದೆ. ಗಾಳಿಯ ಗುಳ್ಳೆ ಕಂಡಿರಬಹುದೇ ಎಂದುಕೊಂಡೆ, ಆದರೆ ಗುಳ್ಳೆಗೆ ತೂತುಗಳಿರುವುದಿಲ್ಲ. ಮಿರಜಕ್ಕೆ ಹೋಗಿ ಕಣ್ಣು ತೋರಿಸಿಕೊಂಡೆ, ಕಣ್ಣು ಸರಿಯಾಗಿದ್ದವು.

ಈಗ ವರದಿ ಬರೆಯಬೇಕಿತ್ತು. ಏಳನೆಯದನ್ನು ಬರೆದರೆ ಎದುರಿನ ವಕೀಲ, ಈ ಅಧ್ಯಾಪಕಿಯ ಪ್ರಯೋಗಶಾಲೆಯೇ ಹೊಲಸು ಎಂದು ಇಡೀ ವರದಿಯನ್ನು ಹರಿದು ಹಾಕುತ್ತಾನೆ. ಇಲ್ಲವೇ ಉಪ್ಪಿನ ಮಾತನ್ನು ಮತ್ತೆ ಎತ್ತುತ್ತಾನೆ. ಬರೆಯದಿದ್ದರೆ ಕಂಡದ್ದನ್ನು ಮುಚ್ಚಿಟ್ಟ ಹಾಗಾಗುತ್ತದೆ. ಎರಡು ದಿನ ಪೆನ್ನು ಹಿಡಿದು ಕುಳಿತೆ. ಮೂರನೆಯ ದಿನ ಆರು ಹೆಸರು ಬರೆದು ಸಹಿ ಹಾಕಿದೆ. ದಾದಾ ಅವರಿಗೂ ಹೇಳಲಿಲ್ಲ, ಪ್ರಯೋಗಶಾಲೆಯ ಜವಾನನಿಗೂ ಹೇಳಲಿಲ್ಲ. ಏಳನೆಯ ಕಾರ್ಡನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ಕಲ್ಲವ್ವ ಬಿಡುಗಡೆಯಾದಳು. ಮಗಳೂ ಅವಳ ಕೈ ಸೇರಿದಳು. ತಿಂಗಳೊಪ್ಪತ್ತಿನ ಮೇಲೆ ಒಂದು ಮಧ್ಯಾಹ್ನ ಅವಳು ಮಿರಜದ ಹತ್ತಿರದ ಬೇಡಗದ ತವರಿನಿಂದ ನನ್ನನ್ನು ಹುಡುಕಿಕೊಂಡು ಬಂದಳು. ಸೊಂಟದ ಮೇಲೆ ಮಗು, ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಗಂಟು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಕ್ಕೋರ, ನಮ್ಮವರ ಮೈಯಾಗ ಸಿಕ್ಕಾವಂತಲ್ಲರಿ, ಅವನ್ನ ನಾ ಒಮ್ಮಿ ನೋಡಬಹುದೇನ್ರಿ?” ಎಂದಳು.

ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಸ್ಲೈಡು ಇಟ್ಟು, ಆರರ ಪೈಕಿ ಮೂರು ಒಟ್ಟಿಗೆ ಕಾಣುವ ಕಡೆ ಹೊಂದಿಸಿ, ಯಾವ ತಿರುಪು ತಿರುವಿದರೆ ಸ್ಲೈಡು ಸರಿಯುತ್ತದೆಂದು ತೋರಿಸಿದೆ. ಮಗುವನ್ನು ನಾನು ಎತ್ತಿಕೊಂಡೆ.

“ಯವ್ವಾ, ಸಣ್ಣ ಸಣ್ಣ ನಾವಿ ಇದ್ದಂಗ ಅದಾವಲ್ಲರಿ,” ಎಂದಳು. ನಿಧಾನವಾಗಿ ತಿರುಪು ತಿರುವುತ್ತ ಹೋದಳು. ಆಮೇಲೆ ಕಣ್ಣು ಕೀಳದೆಯೇ ಕೇಳಿದಳು: “ಈ ದುಂಡಂದೇನ್ರಿ ಅಕ್ಕೋರ? ಸಾಣಿಗಿ ಹಂಗ ತೂತ ತೂತ ಐತಿ. ನಡುವ ಹೂ ಬರದಂಗ ಐತಿ.”

ನನ್ನ ತೋಳಿನಲ್ಲಿದ್ದ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಪಕ್ಕಕ್ಕೆ ಸರಿದ ಮೇಲೆ ನಾನು ಮೊದಲು ನೋಡಿದ್ದು ಪಟ್ಟಿಯ ಮೇಲಿನ ಅಂಕಿಗಳನ್ನು. ಖಾನೆಯಲ್ಲಿದ್ದ ಕಾರ್ಡಿನ ಎರಡು ಅಂಕಿಗಳೇ ಅವು. ಅಕ್ಷರ ಬಾರದ ಆ ಹೆಂಗಸು ತಿರುಪನ್ನು ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸಿದ್ದಳು. ಬಗ್ಗಿ ನೋಡಿದೆ. ಬರಿ ಗಾಜು.

“ಅದೂ ನಮ್ಮ ಹೊಳ್ಯಾಗಿಂದ ಏನ್ರಿ?” ಎಂದು ಕೇಳಿದಳು. ಎಲ್ಲ ಮುಗಿದಿದ್ದರೂ ಅವಳ ದನಿಯಲ್ಲಿ ಭಯ ಇನ್ನೂ ಇತ್ತು. “ಅಂವ ಉಪ್ಪ ಉಪ್ಪ ಅಂದಾಗ ನಾನೂ ಅದ ಬಿಂದಿಗಿ ನೀರ ಕುಡದ ನೋಡಿದ್ನಿರಿ. ನನಗ ಸಿಹೀನ ಹತ್ತಿತು. ಮಂದಿ ಮಾತ ಕೇಳಿ ಕೇಳಿ, ಖರೇನ ನನ್ನ ಕೈಲೆ ಏನರೆ ಆಗೇತೇನೋ ಅಂತ ನನಗೂ ಅನಸಾಕ ಹತ್ತಿತ್ರಿ.”

“ಹೊಳೆಯದೇ ಅದು,” ಎಂದೆ. “ಎಲ್ಲಾ ಕೃಷ್ಣೆಯವೇ. ನಿನ್ನ ಕೈಯಿಂದ ಏನೂ ಆಗಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮಗುವನ್ನು ತೆಗೆದುಕೊಂಡು, “ಹಿಂಡಿ ಖಾರ ಐತ್ರಿ, ಎಣ್ಣಿ ಹಾಕ್ಕೊಂಡ ತಿನ್ರಿ,” ಎಂದು ಹೊರಟುಹೋದಳು. ಆಮೇಲೆ ನಾನು ಅವಳನ್ನು ಕಾಣಲಿಲ್ಲ.

ನಿವೃತ್ತಳಾಗುವಾಗ ನನ್ನ ಸಂಗ್ರಹವನ್ನೆಲ್ಲ ಕಾಲೇಜಿಗೆ ಒಪ್ಪಿಸಿದೆ, ಆ ಒಂದು ಸ್ಲೈಡು ಮತ್ತು ಕಾರ್ಡನ್ನು ಬಿಟ್ಟು. ಮನೆಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕವಿದೆ. ಅದರ ಪಟ್ಟಿಗೆ ತಕ್ಕಂತೆ ಅಂಕಿಗಳನ್ನು ತಿದ್ದಿಕೊಂಡು ಆಗಾಗ ಬೆಳಿಗ್ಗೆ ಏಳಕ್ಕೆ ನೋಡುತ್ತೇನೆ. ಒಮ್ಮೆಯೂ ಕಂಡಿಲ್ಲ. ಕಾರ್ಡಿನಲ್ಲಿ ಚಿತ್ರವಿದೆ, ಜಾಗವಿದೆ. ಹೆಸರಿನ ಸಾಲು ಖಾಲಿ. ನನಗೆ ತಿಳಿದ ಯಾವ ವಿಂಗಡಣೆಯಲ್ಲೂ ಅದು ಕೂರುವುದಿಲ್ಲ. ಒಬ್ಬಳೇ ಕಂಡಿದ್ದರೆ ನನ್ನ ಕಣ್ಣನ್ನು ದೂರಬಹುದಿತ್ತು. ಕಂಡವರು ಇಬ್ಬರು.

ವರದಿಯಲ್ಲಿ ಬಿಟ್ಟ ಸಾಲನ್ನು ಇಷ್ಟು ವರ್ಷಗಳ ನಂತರ ಇಲ್ಲಿ ಬರೆದು ತಿದ್ದಿಕೊಂಡಿದ್ದೇನೆ. ಕಲ್ಲವ್ವನಿಗೆ ಹೇಳಿದ್ದನ್ನು ಮಾತ್ರ ತಿದ್ದುವುದಿಲ್ಲ.