ಬಿಚ್ಚದ ಅಂಗೈ

ನಾನು ಕಟ್ಟಿದ ಅಣುವಿಗೆ ಎರಡು ಕೈಗಳಿದ್ದವು. ಕೈ ಎಂದರೆ ಸಾರಜನಕಕ್ಕೆ ಅಂಟಿಕೊಂಡ ಎರಡು ಹೈಡ್ರೋಜನ್‌ಗಳು. ಋಣ ಅಯಾನು ಹತ್ತಿರ ಬಂದರೆ ಎರಡೂ ಅದನ್ನು ಹಿಡಿಯುತ್ತವೆ. ಅದಕ್ಕೆ ಹೈಡ್ರೋಜನ್ ಬಂಧ ಎನ್ನುತ್ತೇವೆ. ಒಂದೊಂದೇ ಹಿಡಿತ ಬಲು ಸಡಿಲ. ಎರಡೂ ಸೇರಿದರೆ ಪರವಾಗಿಲ್ಲ. ಫ್ಲೋರೈಡ್ ಸಿಕ್ಕರೆ ನನ್ನ ಹಳದಿ ದ್ರಾವಣ ಕೆಂಪಾಗಬೇಕು. ಇಷ್ಟಕ್ಕಾಗಿ ಸೇಡಂನಲ್ಲಿ ಪಾಠ ಹೇಳಿಕೊಂಡು, ರಜೆಯಲ್ಲೆಲ್ಲ ಕಲಬುರಗಿಯ ಪ್ರಯೋಗಾಲಯದಲ್ಲಿ ಕೂತು ಸವೆದೆ.

ನಡುವೆ ಶಹಾಬಾದದಲ್ಲಿ ರೈಲು ಇಳಿದರೆ ಭಂಕೂರದಲ್ಲಿ ಅವ್ವ. ನಾನು ಬಳಸುವ ದ್ರಾವಕ ಚರ್ಮಕ್ಕೆ ತಾಗಿದರೆ ಉಸಿರು ಬೆಳ್ಳುಳ್ಳಿ ನಾರುತ್ತದೆ. ಅವ್ವನ ಮೂಗೋ, ಪೊಲೀಸರ ಮೂಗು.

"ಸೋಮವಾರ ದಿನ ಬೆಳ್ಳುಳ್ಳಿ ತಿಂದು ಬಂದೀದಿ. ನಾಚಿಕಿ ಬರಂಗಿಲ್ಲೇನು?"

"ತಿಂದಿಲ್ಲವ್ವ. ಕೈಗಿ ತಾಗಿದ ಔಷಧ ಅದು."

"ಕೈಗಿ ತಾಗಿದ್ದು ಬಾಯಾಗ ಹ್ಯಾಂಗ ನಾರ್ತದ? ಯಾರಿಗಿ ಹೇಳ್ತಿ ಈ ಕತಿ?"

ಅವ್ವನ ಎಡಗೈ ಬೆರಳುಗಳು ಒಳಕ್ಕೆ ಬಾಗಿ ಗಟ್ಟಿಯಾಗಿದ್ದವು. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟು ಪತ್ರಿ ಏರಿಸಿ ಪೂಜಿಸುವವಳು ಅವಳು. ಈಗ ಅಂಗೈ ಬಿಚ್ಚುತ್ತಿರಲಿಲ್ಲ. ಬಲಗೈಯಿಂದ ಬೆರಳ ಸಂದಿಯಲ್ಲಿ ಲಿಂಗವನ್ನು ತೂರಿಸಬೇಕು. "ಮುಷ್ಟಿಯಾಗ ಮುಚ್ಚಿಟ್ಟು ಪೂಜಾ ಮಾಡ್ದಂಗ ಆಗ್ಯಾದ. ಒಂದಿನರೆ ಕೈ ಬಿಚ್ಚಬೇಕವ್ವ" ಎನ್ನುತ್ತಿದ್ದಳು. ಬೇರೆ ಯಾವ ನೋವನ್ನೂ ಅವಳು ದೂರಿದ್ದು ನನಗೆ ನೆನಪಿಲ್ಲ.

ವೈದ್ಯರು ವಾತ ಎಂದರು, ವಯಸ್ಸು ಎಂದರು. ನನಗೆ ಬಾವಿಯ ನೀರಿನ ಮೇಲೆ ಅನುಮಾನ; ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಎಲುಬು, ಕೀಲು ಹೀಗೆ ಬಿಗಿಯುತ್ತವೆ. ನೀರನ್ನು ಬೇರೆ ಕಡೆ ಪರೀಕ್ಷೆಗೆ ಕೊಡಬಹುದಿತ್ತು. ನನ್ನ ಅಣುವೇ ಹೇಳಲಿ ಎಂಬ ಸೊಕ್ಕು ನನಗೆ. ಅವ್ವ ಒಂದು ಬಾಟಲಿ ತುಂಬಿ ಕೊಟ್ಟಳು. ಪ್ರಯೋಗಾಲಯದಲ್ಲಿ ಒಂದು ಹನಿ ಬಿಟ್ಟೆ. ಹಳದಿ ಕೆಂಪಾಯಿತು. ಕುಣಿಯುವುದೊಂದು ಬಾಕಿ. ಫೋನಿನಲ್ಲಿ ಹೇಳಿದಾಗ ಅವ್ವ, "ಹಂಗಂದ್ರ ಕಳ್ಳ ಮನ್ಯಾಗೇ ಇದ್ದ ಅನ್ನು" ಎಂದು ನಕ್ಕಳು.

ಮುಂದಿನ ಸಲ ನಾನೇ ಹೊಸ ಬಾಟಲಿಯಲ್ಲಿ ನೀರು ಸೇದಿ ಒಯ್ದೆ. ಬಣ್ಣ ಬದಲಾಗಲಿಲ್ಲ. ಬೇಕೆಂದೇ ಫ್ಲೋರೈಡ್ ಬೆರೆಸಿದೆ. ಆಗಲೂ ಹಳದಿ. ಹಳೆಯ ಬಾಟಲಿಗೆ ನೀನೇನು ಮಾಡಿದ್ದೆ ಎಂದು ಅವ್ವನನ್ನು ಕೇಳಿದೆ.

"ಕಾಲೇಜಿಗಿ ಹೋಗೂದದ ಅಂತ ಸುಣ್ಣದ ತಿಳಿ ಹಾಕಿ ಕುಲುಕಿ ತೊಳ್ದೀನಿ. ಯಾಕ, ಹೊಲಸಿತ್ತೇನು?"

ನಮ್ಮ ಕಲ್ಲಿನ ಸೀಮೆಯಲ್ಲಿ ಸುಣ್ಣವೆಂದರೆ ಶುದ್ಧ. ಆ ಸುಣ್ಣ ನನ್ನ ಅಣುವಿನಿಂದ ಹೈಡ್ರೋಜನ್ನನ್ನೇ ಕಿತ್ತುಕೊಂಡು ಕೆಂಪು ಮಾಡಿತ್ತು. ಹಿಡಿದು ಬಂದ ಬಣ್ಣವಲ್ಲ, ಕೈ ಕಳೆದುಕೊಂಡು ಬಂದ ಬಣ್ಣ. ನಿಜವಾದ ಫ್ಲೋರೈಡನ್ನೋ ನೀರೇ ಸುತ್ತ ಮುತ್ತಿ ಹಿಡಿದಿರುತ್ತದೆ. ನನ್ನ ಎರಡು ಕೈಗೆ ಅದು ಎಲ್ಲಿ ಸಿಗಬೇಕು?

ಮಾರ್ಗದರ್ಶಕರು ಹೇಳಿದರು: "ನಿಮ್ಮ ಅಣು ಭಾಳ ಸಡಿಲ ಅದರಿ. ಹಿಡೀಬೇಕಂದ್ರ ಅದು ಮೊದಲ ತಾನು ಬಾಗಬೇಕು, ಅದರಾಗೇ ಅದರ ಶಕ್ತಿ ಹೋಗ್ತದ. ಮೊದಲೇ ಬಾಗಿ ಗಟ್ಟಿ ನಿಂತಿದ್ದು ಕಟ್ರಿ. ಅದು ಸುಮ್ಮ ಸುಮ್ಮನೆ ಬಿಡಂಗಿಲ್ಲ." ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. "ತೊಳ್ದು ಕೊಟ್ಟಿದ್ದೂ ತಪ್ಪಾತೇನು? ಹೋಗ್ಲಿ, ನನ್ನ ಕೈ ಬಿಡು, ನಿನ್ನ ಕೆಲಸ ಮಾಡ್ಕೊ" ಎಂದಳು. ಹೊಸ ಅಣುವಿನ ಕೆಲಸ ಶುರು ಮಾಡಿದೆ.

ಅದು ಮುಗಿಯುವ ಮೊದಲೇ ಅವ್ವ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಸುದ್ದಿ ಬಂದಾಗ ಪಾಠ ಅರ್ಧವಾಗಿತ್ತು. ಮುಗಿಸಿಯೇ ಹೊರಟೆ. ಚಿತ್ತಾಪುರ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ವಾಡಿಯಲ್ಲಿ ಗಾಡಿ ನಿಂತಾಗ ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿದೆ ಅನಿಸಿತು. ಬೇರೇನೂ ಅನಿಸಲಿಲ್ಲ. ಮನೆಯಲ್ಲಿ ಹೆಂಗಸರು ನನ್ನನ್ನು ತಬ್ಬಿ ಅತ್ತರು. ನಾನು ಅವರ ಬೆನ್ನು ಸವರುತ್ತ ನಿಂತೆ.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು. ಸತ್ತ ಕೈ ಹಿಡಿಯುವುದಿಲ್ಲವಲ್ಲ, ಅದಕ್ಕೆ ಬಿಳಿ ಬಟ್ಟೆಯಿಂದ ಕಟ್ಟುವುದು ನಮ್ಮ ಮನೆಯ ರೂಢಿ. ಆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಕುಣಿಯ ಅಂಚಿಗೆ ನಿಲ್ಲಿಸಿದ್ದರು. ವಿಧಿ ನಡೆಸಲು ಕೆಳಗೆ ಇಳಿದಿದ್ದ ಅಯ್ಯನವರು ಅವ್ವನ ಬೆರಳ ಸಂದಿಯಲ್ಲಿ ಲಿಂಗವನ್ನು ತೂರಿಸಿದರು, ಅವಳು ದಿನಾ ಮಾಡುತ್ತಿದ್ದ ಹಾಗೆಯೇ. ಆಮೇಲೆ ಮೆಲ್ಲಗೆ ಕೈ ಅಲುಗಿಸಿ ನೋಡಿದರು.

ನಾನು ಬಟ್ಟೆಯನ್ನು ಚಾಚಿದೆ.

"ಬ್ಯಾಡರಿ ತಾಯಿ, ಕಟ್ಟೂದು ಬ್ಯಾಡ. ಹಿಡ್ಕೊಂಡಾಳ" ಎಂದರು.

ಬಾಗಿದ ಬೆರಳುಗಳನ್ನು ನೋಡುತ್ತ ನಿಂತೆ. ವಿಭೂತಿ ಸುರಿದರು. ಪತ್ರಿ ಹಾಕಿದರು. ಆಗಲೂ ಅಳು ಬರಲಿಲ್ಲ. ಅವ್ವನಿಗೆ ಈ ಮಾತು ಹೇಳಿದರೆ ಭಾಳ ಖುಷಿಪಡುತ್ತಾಳೆ ಎಂದುಕೊಂಡು, ಅವಳು ಎಲ್ಲಿ ಕೂತಿದ್ದಾಳೆಂದು ಹೆಂಗಸರ ನಡುವೆ ತಿರುಗಿ ನೋಡಿದೆ.